ಮೂರನೇ ಲೈನ್ ಮುಚ್ಚಿದವರು

ನಿಧನ ವಾರ್ತೆಗೆ ನಮ್ಮ ಪತ್ರಿಕೆಯಲ್ಲಿ ಸಿಗುವ ಜಾಗ ಐದು ಸಾಲು. ಹೆಸರು, ವಯಸ್ಸು, ಊರು, ಮಾಡಿದ ಕೆಲಸ, ಅಗಲಿದ ಬಂಧುಗಳು. ಕಳೆದ ತಿಂಗಳು ಅಂಥ ಐದು ಸಾಲು ಬರೆಯಲು ಕೂತವನು ನಾಲ್ಕನೆಯದರಲ್ಲಿ ನಿಂತುಬಿಟ್ಟೆ. ಡೆಸ್ಕಿನಿಂದ ಫೋನ್ ಬಂತು.

“ಅಗ್ನಿಶಾಮಕ ಇಲಾಖೆ ಅಂತ ಬರೆದಿದೀರಿ. ಯಾವುದಾದರೂ ದೊಡ್ಡ ಬೆಂಕಿ ನಂದಿಸಿದ್ರಾ? ಇದ್ದರೆ ಒಂದು ಸಾಲು ಸೇರಿಸೋಣ.”

“ಅವರು ಬೆಂಕಿ ನಂದಿಸಿದವರಲ್ಲ, ನೀರು ಕೊಟ್ಟವರು” ಎಂದೆ.

“ಅದನ್ನ ಹೇಗೆ ಬರೆಯೋದು?”

“ಬೇಡ ಬಿಡಿ” ಎಂದೆ. ಐದು ಸಾಲು ಹಾಗೇ ಅಚ್ಚಾಯಿತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳ ಸುದ್ದಿ ಬರೆಯುತ್ತ ನನ್ನ ಅರ್ಧ ಆಯಸ್ಸು ಕಳೆದಿದೆ. ಈ ಮೂರರಲ್ಲಿ ಅವರು ಎಲ್ಲಿ ಕೆಲಸ ಮಾಡುತ್ತಿದ್ದರು ಎಂಬುದನ್ನೂ ಬಿಟ್ಟಿದ್ದೇನೆ. ಅವರು ಅಗ್ನಿಶಾಮಕ ವಾಹನದ ಚಾಲಕರು. ಬೆಂಕಿ ಬಿದ್ದ ಜಾಗದಲ್ಲಿ ವಾಹನ ನಿಲ್ಲಿಸಿದ ಮೇಲೆ ಪಂಪು ನಡೆಸುವುದೂ ಅವರದೇ ಕೆಲಸ. ಉಳಿದವರು ಹೋಸ್ ಎಳೆದುಕೊಂಡು ಬೆಂಕಿಯ ಕಡೆ ಓಡುತ್ತಾರೆ. ಪಂಪಿನವರು ಮೀಟರುಗಳಿಗೆ ಮುಖ ಮಾಡಿ, ಬೆಂಕಿಗೆ ಬೆನ್ನು ಹಾಕಿ ನಿಲ್ಲುತ್ತಾರೆ.

“ಇಷ್ಟು ವರ್ಷ ಸರ್ವೀಸಾಯ್ತು, ಒಂದು ಬೆಂಕಿನೂ ನೆಟ್ಟಗೆ ನೋಡಿಲ್ಲ ಮಾರಾಯ್ರೆ. ನನ್ನ ಹೆಂಡ್ತಿ ಒಲೆ ಮುಂದೆ ನೋಡಿದಷ್ಟೂ ನಾನು ನೋಡಿಲ್ಲ” ಎನ್ನುತ್ತಿದ್ದರು.

ನನಗೆ ಅವರ ಪರಿಚಯವಾದದ್ದು ಕೆಸರಿನಲ್ಲಿ. ಠಾಣೆಯ ಅಂಗಳದಲ್ಲಿ ಸಾರ್ವಜನಿಕರಿಗೆ ಪ್ರಾತ್ಯಕ್ಷಿಕೆ ಇತ್ತು. ಒಂದೇ ಪಂಪಿನಿಂದ ಎರಡು ಹೋಸ್ ಎಳೆದಿದ್ದರು. ಒಂದರ ತುದಿಯ ಹಿತ್ತಾಳೆ ಕೊಳವೆಯನ್ನು, ಅವರ ಮಾತಿನಲ್ಲಿ ಬ್ರಾಂಚನ್ನು, ನನ್ನ ಕೈಗೆ ಕೊಟ್ಟರು. ಇನ್ನೊಂದನ್ನು ಹಿಡಿದಿದ್ದವರು ಮಂಜಪ್ಪ. ಅದೇ ಠಾಣೆಯವರು, ವಸತಿಗೃಹದಲ್ಲಿ ಇವರಿಗೂ ಅವರಿಗೂ ನಡುವೆ ಒಂದೇ ಗೋಡೆ. ನೀರು ಬಂತು. ನಾನು ಗಟ್ಟಿಯಾಗಿ ಹಿಡಿದು ಫೋಟೊಗೆ ಮುಖ ಕೊಟ್ಟೆ. ಅಷ್ಟರಲ್ಲಿ ಪಂಪಿನ ಬಳಿ ನಿಂತಿದ್ದ ಅವರು ಮಂಜಪ್ಪನವರಿಗೆ ಕಣ್ಸನ್ನೆ ಮಾಡಿದರು, ಮಂಜಪ್ಪ ತಮ್ಮ ಬ್ರಾಂಚನ್ನು ಪಟಕ್ಕನೆ ಮುಚ್ಚಿದರು. ಮರುಕ್ಷಣ ನನ್ನ ಕೈಯ ಹೋಸ್ ದನ ಒದ್ದಂತೆ ಒದ್ದು ನಾನು ಅಂಗಾತ ಬಿದ್ದೆ.

“ಏಳಿ ಪೇಪರ್ ಸಾರ್. ಈಗ ಗೊತ್ತಾಯ್ತಾ? ಮುಚ್ಚಿದ್ದು ಅವನ ನೀರು, ಬಿದ್ದದ್ದು ನೀವು.”

“ನಾಳೆ ಪೇಪರಲ್ಲಿ ಇದರ ಫೋಟೊನೇ ಹಾಕಿ ಸಾರ್” ಎಂದರು ಮಂಜಪ್ಪ.

ಒಂದು ಲೈನಿನಲ್ಲಿ, ಅಂದರೆ ಒಂದು ಹೋಸಿನಲ್ಲಿ, ನೀರು ನಿಂತರೆ ಅಲ್ಲಿಯ ಒತ್ತಡ ಉಳಿದ ಲೈನುಗಳಿಗೆ ಹೋಗುತ್ತದೆ. ಆದ್ದರಿಂದ ಹೇಳದೆ ಮುಚ್ಚಬಾರದು, ಹೇಳದೆ ತೆರೆಯಬಾರದು. ಇಷ್ಟು ಪಾಠ. ಅವರು ಅದನ್ನು ಠಾಣೆಯಲ್ಲಿ ಬಿಟ್ಟು ಮನೆಗೆ ಹೋದವರಲ್ಲ. ಬಚ್ಚಲಿನ ನಲ್ಲಿ ತಿರುಗಿಸುವ ಮೊದಲು ಅಡುಗೆಮನೆಗೆ ಕೂಗಿ ಹೇಳುತ್ತಿದ್ದರಂತೆ. “ಒಂದ್ಸಲ ನಾನು ತೌರಿಗೆ ಹೋಗಿದ್ದೆ, ಆಗ್ಲೂ ಕೂಗಿದಾರೆ. ಆಚೆ ಮನೆ ಮಂಜಪ್ಪಣ್ಣ ‘ತೆರ್ಕೋ ಮಾರಾಯ, ನಂಗೇನು’ ಅಂದ್ರಂತೆ” ಎಂದು ಅವರ ಹೆಂಡತಿ ನನ್ನೆದುರೇ ನಕ್ಕಿದ್ದರು. ಫೋನಿನಲ್ಲಿ ಮಾತು ಮುಗಿದಾಗಲೂ ಅವರು ಸುಮ್ಮನೆ ಕತ್ತರಿಸುತ್ತಿರಲಿಲ್ಲ. “ಮುಚ್ಲಾ?” ಎಂದು ಕೇಳಿ ಕಾಯುತ್ತಿದ್ದರು. ನಾವು “ಮುಚ್ಚಿ” ಅಂದ ಮೇಲೆಯೇ ಕರೆ ನಿಲ್ಲುತ್ತಿತ್ತು. ಮೊದಮೊದಲು ನನಗೆ ಕಿರಿಕಿರಿ ಆಗುತ್ತಿತ್ತು. ಆಮೇಲೆ ಅಭ್ಯಾಸವಾಯಿತು.

ಅವರ ಇನ್ನೊಂದು ಪದ್ಧತಿ ಗಂಟು. ಪ್ರತಿ ಹೋಸಿನ ಎರಡೂ ತುದಿಗೆ ತೆಳ್ಳಗಿನ ನೈಲಾನ್ ಹಗ್ಗ ಕಟ್ಟಿ, ಒಂದನೇ ಲೈನಿನದಕ್ಕೆ ಒಂದು ಗಂಟು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು ಹಾಕುತ್ತಿದ್ದರು. ಬಣ್ಣ ಬಳಿದರೆ ಆಗದೇ ಎಂದು ಕೇಳಿದ್ದೆ. “ಬಣ್ಣ ನೋಡೋಕೆ ಕಣ್ಣು ಬೇಕಲ್ಲ ಸಾರ್. ಹೊಗೆಯಲ್ಲಿ ಕೈಯೇ ಕಣ್ಣು. ಒಳಗಿದ್ದವ ತನ್ನ ಲೈನ್ ಯಾವುದು ಅಂತ ತಡವಿ ನೋಡ್ಬೇಕು, ಅದನ್ನೇ ಹಿಡ್ಕೊಂಡು ಹೊರಗೆ ಬರ್ಬೇಕು. ಪಕ್ಕದವನದ್ದು ಹಿಡಿದ್ರೆ ಪಕ್ಕದ ಬೆಂಕಿಗೆ ಹೋಗ್ತಾನೆ.” ಒಂದು ಹೋಸಿನ ಮೇಲೆ ಇನ್ನೊಂದು ಹಾಯದಂತೆ ಅವರೇ ನಿಂತು ಹಾಸುತ್ತಿದ್ದರು. ಎಷ್ಟೇ ಅವಸರವಿದ್ದರೂ.

ಎರಡನೇ ಲೈನಿನ ಬಗ್ಗೆ ಅವರಿಗೆ ವಿಶೇಷ ಗೌರವ. “ಎರಡನೇದು ಬೆಂಕಿಗಲ್ಲ, ಒಂದನೇ ಲೈನಿನವರಿಗೆ” ಎನ್ನುತ್ತಿದ್ದರು. ಮೊದಲ ಲೈನಿನವರು ಒಳಗೆ ಹೋದಾಗ ಅವರ ಬೆನ್ನಿಗೆ ನಿಂತು, ಅವರು ಹಿಂದೆ ಬರುವ ದಾರಿಯನ್ನು ಕಾಯುವುದು ಎರಡನೆಯದರ ಕೆಲಸ. ಬೆಂಕಿ ಎಷ್ಟೇ ಆಸೆ ಹುಟ್ಟಿಸಿದರೂ ಆ ನೀರನ್ನು ಬೇರೆ ಕಡೆ ತಿರುಗಿಸುವಂತಿಲ್ಲ.

ಎದುರು ಬದುರು ನೀರು ಹೊಡೆಯುವುದನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಇದನ್ನು ನನಗೆ ಕಲಿಸಿದ್ದು ಕೆಳದಿಯ ಹತ್ತಿರದ ಒಂದು ಮದುವೆ ಊಟದಲ್ಲಿ. ಪಂಕ್ತಿಯ ಎರಡೂ ತುದಿಯಿಂದ ಬಡಿಸಿಕೊಂಡು ಬರುತ್ತಿದ್ದರು. ಒಂದು ಕಡೆಯಿಂದ ಸಾರು, ಇನ್ನೊಂದು ಕಡೆಯಿಂದ ಪಾಯಸ. ಇವರು ಎಲೆಯ ಮುಂದಿನಿಂದಲೇ ಕೈ ಎತ್ತಿ ನಿಲ್ಲಿಸಿದರು. “ಒಂದೇ ಕಡೆಯಿಂದ ಬನ್ನಿ ಮಾರಾಯ್ರೆ. ನಡುವೆ ಕೂತವನ ಎಲೆ ಮೇಲೆ ಎರಡೂ ಒಟ್ಟಿಗೆ ಬೀಳ್ತದೆ.” ಬಡಿಸುವವರಿಗೆ ತಮಾಷೆ ಅನ್ನಿಸಿತು. ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಹೇಳಿದರು: “ಬೆಂಕಿನೂ ಹಂಗೇ. ಆಚೆಯಿಂದ ನೀರು ಹೊಡೆದ್ರೆ ಹೊಗೆ, ಹಬೆ, ಬೆಂಕಿ ಎಲ್ಲಾ ಈಚೆ ಇದ್ದವರ ಮೇಲೆ ಬರ್ತದೆ. ಹೊಡೆದವನಿಗೆ ಒಳ್ಳೇದು ಮಾಡಿದೆ ಅಂತಲೇ ಅನ್ನಿಸ್ತಿರ್ತದೆ.”

ಇಷ್ಟೆಲ್ಲ ಕಲಿಸಿಕೊಂಡವನು ನಾನು. ಆ ದಿನ ಅದು ಯಾವುದೂ ಉಪಯೋಗಕ್ಕೆ ಬರಲಿಲ್ಲ.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ರಸ್ತೆ ಬದಿಯ ಮರ ಕೊಯ್ಯುವ ಸಾಮಿಲ್ಲಿಗೆ ಬೆಂಕಿ ಬಿತ್ತು. ಉದ್ದನೆಯ ಶೆಡ್ಡು, ಮುಂದಿನ ಬಾಗಿಲು ರಸ್ತೆಗೆ, ಹಿಂಬದಿಯಲ್ಲಿ ಮರದ ದಿಮ್ಮಿಗಳ ರಾಶಿ. ವಾಹನ ಮುಂದೆ ನಿಂತಿತು. ಒಂದನೇ ಲೈನ್ ಹಿಡಿದು ಇಬ್ಬರು ಬಾಗಿಲಿನಿಂದ ಒಳಗೆ ಹೋದರು. ಎರಡನೆಯದನ್ನು ಹಿಡಿದ ಒಬ್ಬರು ಅವರ ಬೆನ್ನಿಗೆ, ಬಾಗಿಲಲ್ಲಿ. ಮೂರನೆಯದನ್ನು ಶೆಡ್ಡಿನ ಪಕ್ಕದಿಂದ ಸುತ್ತಿಸಿ ಹಿಂದಕ್ಕೆ ಒಯ್ದವರು ಮಂಜಪ್ಪ. ದಿಮ್ಮಿಗಳಿಗೆ ಬೆಂಕಿ ಹತ್ತದಂತೆ ನೋಡಿಕೊಳ್ಳುವುದಷ್ಟೇ ಅವರ ಕೆಲಸ. ಶೆಡ್ಡಿನ ಒಳಗೆ ನೀರು ಬಿಡಬಾರದು ಎಂದು ಪಂಪಿನವರು ಎರಡು ಸಲ ಹೇಳಿ ಕಳಿಸಿದ್ದನ್ನು ನಾನು ಕೇಳಿದ್ದೇನೆ.

ನಾನೂ ಹಿಂಬದಿಗೆ ಹೋದೆ, ಅಲ್ಲಿ ಚಿತ್ರ ಚೆನ್ನಾಗಿ ಸಿಗುತ್ತಿತ್ತು. ಸ್ವಲ್ಪ ಹೊತ್ತಿಗೆ ಹಿಂದಿನ ಕಚ್ಚಾರಸ್ತೆಯಿಂದ ಎರಡು ಪಿಕಪ್ ಬಂದವು. ಮೇಲೆ ಅಡಿಕೆ ತೋಟಗಳಿಗೆ ಕೊಳೆರೋಗದ ಔಷಧಿ ಹೊಡೆಯುವ ಸೆಟ್ಟು, ಡ್ರಮ್ಮಿನ ತುಂಬ ನೀರು, ಉದ್ದುದ್ದ ಪೈಪು. ಮಳೆಗಾಲದವರೆಗೆ ಕೆಲಸವಿಲ್ಲದೆ ಬಿದ್ದಿದ್ದನ್ನು ಸುತ್ತಲಿನ ಹಳ್ಳಿಯವರು ಹೊತ್ತು ತಂದಿದ್ದರು. ಯಾರೂ ಕರೆದಿರಲಿಲ್ಲ. ಬೆಂಕಿ ಅಂದರೆ ಬರದೆ ಇರುವ ಜನ ಅವರಲ್ಲ. ನೆಲದ ಮೇಲೆ ನಿಂತು ಮರದ ತುದಿಯ ಗೊನೆಗೆ ಔಷಧಿ ತಾಗಿಸುವ ಕೈಗಳು. ಶೆಡ್ಡಿನ ಹಿಂದಿನ ಗೋಡೆಯ ಎತ್ತರದ ಕಿಂಡಿಗೆ ಗುರಿ ಹಿಡಿಯುವುದು ಅವರಿಗೆ ಕಷ್ಟವಾಗಲಿಲ್ಲ.

“ಹೊಡಿಯೋ, ಒಳ್ಗೇ ಬೀಳ್ಲಿ” ಎಂದು ಒಬ್ಬ ಕೂಗಿದ.

“ನಿಂದು ಗೋಡೆಗೆ ಹೊಡೀತಿದ್ಯಲಾ, ನನ್ನ ಹತ್ರ ಕೊಡು” ಎಂದ ಇನ್ನೊಬ್ಬ.

ಮಂಜಪ್ಪ ದಿಮ್ಮಿಗಳ ಆಚೆ ಇದ್ದರು. ಅವರಿಗೆ ಇದು ಕಾಣುತ್ತಿರಲಿಲ್ಲ. ನನಗೆ ಕಾಣುತ್ತಿತ್ತು. ‘ಊರವರ ನೆರವು’ ಎಂದು ಶೀರ್ಷಿಕೆಯೂ ಹೊಳೆದಿತ್ತು. ನಾಲ್ಕು ಫೋಟೊ ತೆಗೆದೆ. ಮುಂಬದಿಗೆ ಬಂದಾಗ ಬಾಗಿಲಿನಿಂದ ಕಪ್ಪು ಹೊಗೆ ಉರುಳುರುಳಾಗಿ ಬರುತ್ತಿತ್ತು, ನಡುನಡುವೆ ಬೆಂಕಿಯ ನಾಲಗೆ. ಒಳಗಿನ ಇಬ್ಬರು ಕಾಣುತ್ತಿರಲಿಲ್ಲ. ಮದುವೆ ಊಟದ ಮಾತು ಆಗ ನೆನಪಾಯಿತು. ಪಂಪಿನ ಬಳಿಗೆ ಓಡಿ ಅವರ ಕಿವಿಯ ಹತ್ತಿರ ಕೂಗಿದೆ: “ಹಿಂದಿನಿಂದ ಒಳಗೆ ನೀರು ಹೊಡೀತಿದಾರೆ.”

ಪತ್ರಿಕೆಯ ಕೆಲಸಕ್ಕೆ ಸೇರಿದ ಮೊದಲ ದಿನ ಕಲಿಸುವ ಪ್ರಶ್ನೆಗಳಲ್ಲಿ ಮೊದಲನೆಯದು ‘ಯಾರು’. ನಾನು ಅದನ್ನು ಹೇಳಲಿಲ್ಲ. ಪಂಪಿನ ಬಳಿ ನಿಂತವರ ಲೆಕ್ಕದಲ್ಲಿ ಹಿಂಬದಿಯಲ್ಲಿ ಇದ್ದದ್ದು ಒಂದೇ ಲೈನ್, ಮೂರನೆಯದು. ಪಿಕಪ್ ಬಂದದ್ದು ಅವರಿಗೆ ಗೊತ್ತಿರಲಿಲ್ಲ.

ಆಮೇಲೆ ನಡೆದದ್ದನ್ನು ಕಂಡ ಹಾಗೆ ಬರೆಯುತ್ತೇನೆ. ಅವರು ನನ್ನ ಮುಖ ನೋಡಿದರು. ತುಟಿ ಅಲ್ಲಾಡಿತು. ಪಂಪಿನ ಸದ್ದಿನಲ್ಲಿ ನನಗೆ ಏನೂ ಕೇಳಿಸಲಿಲ್ಲ. ನಾನು ತಲೆಯಾಡಿಸಿದೆ. ಯಾರು ಏನು ಹೇಳಿದರೂ ತಲೆಯಾಡಿಸುತ್ತ ಮುಂದಿನ ಮಾತಿಗೆ ಕಾಯುವುದು ವರದಿಗಾರರ ಅಭ್ಯಾಸ. ಅವರು ಎಡಗೈಯಲ್ಲಿ ಹಗ್ಗದ ಗಂಟುಗಳನ್ನು ತಡವಿದರು, ಮೂರು ಗಂಟಿನದರ ಮೇಲೆ ಕೈ ನಿಂತಿತು, ಆ ವಾಲ್ವನ್ನು ಮುಚ್ಚಿದರು.

ಹಿಂಬದಿಯಲ್ಲಿ ಆದದ್ದು ಆಮೇಲೆ ತಿಳಿಯಿತು: ಮಂಜಪ್ಪನವರ ಕೈಯ ಹೋಸ್ ಜೋತುಬಿತ್ತು. ದಿಮ್ಮಿಗಳ ಒಂದು ಬದಿ ಹತ್ತಿಕೊಂಡಿತು. ದಾರಿ ಮಾಡಿಕೊಂಡು ಓಡಿಬರುವಾಗ ಅವರ ಎಡಗೈ ಮೊಣಕೈವರೆಗೆ ಸುಟ್ಟಿತು. ಅದೇ ಹೊತ್ತಿಗೆ ಮುಂದಿನ ಬಾಗಿಲಿನಿಂದ ಒಳಗಿನ ಇಬ್ಬರೂ ತೆವಳಿಕೊಂಡು ಹೊರಬಂದರು, ಅವರಿಗೆ ಏನೂ ಆಗಿರಲಿಲ್ಲ. ಅವರಲ್ಲಿ ಒಬ್ಬರು ಆಮೇಲೆ ಹೇಳಿದ್ದು: “ಎರಡನೇ ಲೈನಿನ ನೀರು ಒಮ್ಮೆಲೇ ಜೋರಾಯ್ತು. ಅದು ಮೈಮೇಲೆ ಬಿದ್ದಿದ್ದಕ್ಕೆ ಬಂದ್ವಿ.”

ಇಲ್ಲಿಂದ ನನ್ನ ಗೊಂದಲ ಶುರು. ಮೂರನೆಯದನ್ನು ಮುಚ್ಚಿದ್ದರಿಂದ ಎರಡನೆಯದು ಜೋರಾಯಿತು, ಅದು ಸರಿ. ಆದರೆ ಅವರು ಮುಚ್ಚಿದ್ದು ಅದಕ್ಕಾಗಿಯೇ? ಒಳಗಿನ ಇಬ್ಬರಿಗೆ ನೀರು ಬೇಕು, ಹೊರಗಿರುವ ಮಂಜಪ್ಪ ಹೇಗೋ ತಪ್ಪಿಸಿಕೊಳ್ಳಬಹುದು ಎಂದು ತೂಗಿ ನೋಡಿದರೇ? ಅಥವಾ ನನ್ನ ಅರ್ಧ ಮಾತು ಕೇಳಿ, ಮಂಜಪ್ಪನೇ ಒಳಗೆ ನೀರು ಬಿಡುತ್ತಿದ್ದಾನೆ ಎಂದುಕೊಂಡರೇ? ನನ್ನ ಮಾತು ಅವರಿಗೆ ಕೇಳಿಸಿತ್ತೇ ಎಂಬುದೂ ನನಗೆ ಗೊತ್ತಿಲ್ಲ. ಲೈನ್ ಮುಚ್ಚುವ ಮೊದಲು ಅವರು ಸೀಟಿ ಊದುತ್ತಿದ್ದರು. ಆ ದಿನ ಊದಿದರೋ ಇಲ್ಲವೋ ನೆನಪಿಗೆ ಬರುತ್ತಿಲ್ಲ. ಪಕ್ಕದಲ್ಲೇ ನಿಂತಿದ್ದೆ.

ಸಂಜೆ ಅವರನ್ನು ಕೇಳಿದೆ. ಮುಖ ತೊಳೆಯುತ್ತಿದ್ದರು. “ಕೈ ತಪ್ತು” ಎಂದರು. ನಾನು ಅದನ್ನು ಬರೆದುಕೊಂಡೆ. ಮರುದಿನ ಪತ್ರಿಕೆಯಲ್ಲಿ ‘ಪಂಪ್ ಚಾಲಕನ ಕೈತಪ್ಪು: ಸಿಬ್ಬಂದಿಗೆ ಸುಟ್ಟ ಗಾಯ’ ಎಂದು ಬಂತು. ಊರವರ ನೆರವಿನ ಫೋಟೊ ಬೇರೆ ಪುಟದಲ್ಲಿ. ಎರಡನ್ನೂ ಬರೆದವನು ನಾನೇ, ಎರಡಕ್ಕೂ ಸಂಬಂಧ ಇತ್ತು ಎಂದು ಎಲ್ಲಿಯೂ ಬರೆಯಲಿಲ್ಲ. ಇಲಾಖೆಯ ವಿಚಾರಣೆ ನಡೆಯಿತು. ಅಲ್ಲಿಯೂ ಅವರು ಹೇಳಿದ್ದು ಅದೇ ಎರಡು ಪದ. ಬಡ್ತಿ ನಿಂತಿತು, ಬೇರೆ ಊರಿಗೆ ವರ್ಗವಾಯಿತು. ನನ್ನನ್ನು ಯಾರೂ ಕರೆಯಲಿಲ್ಲ. ಕರೆದಿದ್ದರೆ ಹೇಳುತ್ತಿದ್ದೆನೇ ಎಂದು ಕೇಳಿಕೊಂಡಿದ್ದೇನೆ. ಉತ್ತರ ಬೇರೆ ಬೇರೆ ದಿನ ಬೇರೆ ಬೇರೆ ಬಂದಿದೆ.

ಕೆಟ್ಟದ್ದು ಅವರಿಬ್ಬರ ನಡುವೆ ಆಯಿತು. ಮಂಜಪ್ಪ ‘ಕೈ ತಪ್ತು’ ಎಂಬುದನ್ನು ನಂಬಲಿಲ್ಲ. ಗಾಯ ಮಾಗಿದ ಮೇಲೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ನನಗೆ ಹೇಳಿದ್ದರು. ಎಡಗೈಯ ಎರಡು ಬೆರಳು ಮಡಚಿಯೇ ಇದ್ದವು.

“ಕೈ ತಪ್ಪಿದ್ರೆ ನಂಗೆ ಬೇಜಾರಿಲ್ಲ ಸಾರ್. ಯಾರಿಗೂ ತಪ್ತದೆ. ಆದ್ರೆ ಅವನು ಗಂಟು ಎಣಿಸದೆ ವಾಲ್ವ್ ಮುಟ್ಟೋನಲ್ಲ. ಬೇಕಂತ್ಲೇ ಮುಚ್ಚಿದಾನೆ. ಮಂಜಪ್ಪನ ಕೈ ಹೋದ್ರೆ ಹೋಗ್ಲಿ ಅಂತ.”

“ಒಳಗೆ ಇಬ್ಬರಿದ್ರಲ್ಲ” ಎಂದೆ.

“ಇದ್ರು. ಅದ್ಕೇ ಮುಚ್ಚಿದ್ರೆ ಸರಿನೇ. ನಂಗೊಂದು ಮಾತು ಹೇಳಿ ಮುಚ್ಬೇಕಿತ್ತು. ಬಚ್ಲು ನಲ್ಲಿ ತೆರೆಯೋಕೆ ಕೂಗೋನು, ನಂಗೆ ಹೇಳ್ಲಿಲ್ಲ.”

ನಾನು ಕಾಫಿಯ ದುಡ್ಡು ಕೊಟ್ಟು ಎದ್ದೆ. ಅಲ್ಲಿ ಒಂದು ವಾಕ್ಯ ಹೇಳಬಹುದಿತ್ತು.

ಮಂಜಪ್ಪ ಮತ್ತೆ ಅವರ ಮನೆಗೆ ಹೋಗಲಿಲ್ಲ. ಇವರ ನಿವೃತ್ತಿಯ ಸಮಾರಂಭಕ್ಕೂ ಬರಲಿಲ್ಲ. ಅಂದು ಇವರು ಹಾರ ಹಾಕಿಸಿಕೊಂಡು ಕೂತಿದ್ದಷ್ಟು ಹೊತ್ತೂ ಬಾಗಿಲ ಕಡೆ ನೋಡುತ್ತಿದ್ದರು. ಆಮೇಲೆ ಮೇಳಿಗೆಯ ಹತ್ತಿರದ ತಮ್ಮ ಊರಿಗೆ ಹೋಗಿ ನೆಲೆಸಿದರು. ಕಳೆದ ತಿಂಗಳು ಅಲ್ಲೇ ತೀರಿಕೊಂಡರು.

ತಿಥಿಯ ದಿನ ಹೋಗಿದ್ದೆ. ಅಂಗಳದಲ್ಲಿ ಹೂಗಿಡಗಳಿಗೆ ನೀರು ಬಿಡುವ ಒಂದು ನಲ್ಲಿ, ಅದಕ್ಕೆ ಎರಡು ಪೈಪು. ಒಂದಕ್ಕೆ ಒಂದು ಗಂಟು, ಇನ್ನೊಂದಕ್ಕೆ ಎರಡು. ಅಲ್ಲೇ ಕುರ್ಚಿ ಹಾಕಿಕೊಂಡು ಮಂಜಪ್ಪ ಕೂತಿದ್ದರು. ಅವರು ಬರುತ್ತಾರೆಂದು ನಾನು ಎಣಿಸಿರಲಿಲ್ಲ.

“ಬಂದ್ರಾ” ಎಂದರು. ಪಕ್ಕದ ಕುರ್ಚಿ ತೋರಿಸಿದರು. ಆಮೇಲೆ ಕೇಳಿದರು.

“ನೀವು ಅವತ್ತು ಪಂಪಿನ ಹತ್ರಾನೇ ಇದ್ರಲ್ಲ. ಅವನು ತಪ್ಪಿ ಮುಚ್ಚಿದ್ನಾ, ಬೇಕಂತ ಮುಚ್ಚಿದ್ನಾ? ಇನ್ನು ಅವನನ್ನ ಕೇಳೋ ಹಂಗಿಲ್ಲ. ನಿಮ್ಮನ್ನೇ ಕೇಳ್ಬೇಕು.”

ಹೇಳಿದೆ. ಪಿಕಪ್, ಕಿಂಡಿ, ನಾನು ಕೂಗಿದ್ದು, ‘ಯಾರು’ ಎಂದು ಹೇಳದೆ ಹೋದದ್ದು, ಅವರ ತುಟಿ ಅಲ್ಲಾಡಿದ್ದು, ನಾನು ತಲೆಯಾಡಿಸಿದ್ದು. ಯಾವುದನ್ನೂ ಬಿಡಲಿಲ್ಲ. ಅವರು ಎದ್ದು ಹೋಗಬಹುದು, ಬೈಯಬಹುದು ಎಂದು ಸಿದ್ಧನಾಗಿದ್ದೆ.

“ತುಟಿ ಅಲ್ಲಾಡಿದ್ದು ನೋಡಿದ್ರಾ?”

“ನೋಡಿದೆ. ಏನು ಕೇಳಿದ್ರು ಗೊತ್ತಿಲ್ಲ.”

“ಅವನು ಇನ್ನೆಂತ ಕೇಳ್ತಾನೆ” ಎಂದರು ಮಂಜಪ್ಪ. ಸುಟ್ಟ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನೆಲ ನೋಡುತ್ತ ಕೂತರು. “ಕೇಳಿದಾನೆ. ನಾನು ಸಿಗ್ಲಿಲ್ಲ, ಹತ್ರ ಇದ್ದವರನ್ನ ಕೇಳಿದಾನೆ. ಕೇಳ್ದೆ ಮುಚ್ಚೋನಲ್ಲ.”

“ಅದು ಖಚಿತವಿಲ್ಲ ಮಂಜಪ್ಪ. ಬೇರೆ ಏನಾದ್ರೂ ಅಂದಿರಬಹುದು.”

“ನಿಮಗೆ ಖಚಿತ ಇಲ್ದೆ ಇರ್ಲಿ. ನಂಗೆ ಸಾಕು. ಕೈತಪ್ಪು ಅಂತ ಪೇಪರಲ್ಲಿ ಬರೆದಿದ್ದು ನೀವೇ ಅಲ್ದಾ? ಇದನ್ನೂ ಬರೀರಿ” ಎಂದರು. ಆಮೇಲೆ ಒಳಗೆ ಹೋಗಿ ಊಟಕ್ಕೆ ಕೂತರು. ಆ ಮನೆಯವರ ಊಟವನ್ನು ಅವರು ಎಷ್ಟೋ ವರ್ಷಗಳ ಮೇಲೆ ಉಂಡದ್ದು.

ಅದಕ್ಕೆ ಬರೆದಿದ್ದೇನೆ. ಖಚಿತವಾದದ್ದು ಇಷ್ಟೇ: ಆ ದಿನ ಶೆಡ್ಡಿನ ಹಿಂದಿನಿಂದ ನೀರು ಹೊಡೆಯುತ್ತಿದ್ದಾರೆಂದು ಪಂಪ್ ಚಾಲಕರಿಗೆ ತಿಳಿಸಿದವನು ಈ ವರದಿಗಾರ. ಯಾರು ಎಂದು ತಿಳಿಸಿರಲಿಲ್ಲ. ಉಳಿದದ್ದು ನನಗೆ ಇನ್ನೂ ಸ್ಪಷ್ಟವಿಲ್ಲ.

ತೀರಿಕೊಳ್ಳುವ ಕೆಲವು ವಾರಗಳ ಮೊದಲು ಅವರು ಫೋನ್ ಮಾಡಿದ್ದರು. ಯಾವುದೋ ಗೋದಾಮಿನ ಬೆಂಕಿಯ ಸುದ್ದಿಯಲ್ಲಿ ‘ನಾಲ್ಕೂ ದಿಕ್ಕಿನಿಂದ ನೀರು ಹಾಯಿಸಿ’ ಎಂದು ನಾನು ಬರೆದಿದ್ದೆ.

“ಹಂಗೆ ಬರೀಬೇಡಿ ಸಾರ್” ಎಂದರು. “ಓದಿದವರು ಹಂಗೇ ಮಾಡ್ತಾರೆ. ಅವ್ರಿಗೇನು ಗೊತ್ತು ಪಾಪ.”

ಆ ‘ಪಾಪ’ ಯಾರಿಗೆ ಎಂದು ಕೇಳಬೇಕು ಅನ್ನಿಸಿತು. ಅವರ ಕಡೆ ಪೈಪಿನಿಂದ ನೀರು ಬೀಳುವ ಸದ್ದು ಕೇಳುತ್ತಿತ್ತು. ಮಳೆ, ಮಂಡಿನೋವು, ಮಂಜಪ್ಪ ಹೇಗಿದ್ದಾನೆ, ಇಷ್ಟು ಮಾತಾಯಿತು.

“ಮುಚ್ಲಾ?” ಎಂದರು.

ನಾನು ಉತ್ತರಿಸಲಿಲ್ಲ. ಆ ದಿನ ಪಂಪಿನ ಬಳಿ ನನ್ನನ್ನು ಏನು ಕೇಳಿದಿರಿ ಎಂಬ ಪ್ರಶ್ನೆ ಬಾಯಿಯವರೆಗೆ ಬಂದಿತ್ತು. ಅವರು ಕಾದರು. ಕರೆ ಕತ್ತರಿಸಲಿಲ್ಲ, ಮತ್ತೆ ಕೇಳಲೂ ಇಲ್ಲ. ನೀರಿನ ಸದ್ದು ಹಾಗೇ ಬರುತ್ತಿತ್ತು.

“ಮುಚ್ಚಿ” ಎಂದೆ.